ಸೈಕಲ್‌ನಲ್ಲಿ ಸಣ್ಣಪುಟ್ಟ ಕೆಲಸಕ್ಕೆ ಹೋಗಿ ಬರುವಾಗ ನಿಮ್ಮ ಕಣ್ಣಿಗೆ ಬಿದ್ದ ಜಾಗ ಯಾವುದು?

ಹಳೇ ಕ್ಯಾರಿಯರ್

ಕಳೆದ ವಾರ ನಲ್ಲಿಯ ವಾಷರ್ ಸವೆದು ಹೋಯಿತು. ರಾತ್ರಿಯೆಲ್ಲ ಟಪ್ ಟಪ್ ಅಂತ ನೀರು. ಬೆಳಿಗ್ಗೆ ಹಳೇ ವಾಷರನ್ನು ಜೇಬಿಗೆ ಹಾಕಿಕೊಂಡೆ. ಓದಿ ಮುಗಿಸಿದ ಎರಡು ಲೈಬ್ರರಿ ಪುಸ್ತಕಗಳನ್ನು ಕ್ಯಾರಿಯರ್‌ಗೆ ಸಿಕ್ಕಿಸಿದೆ. ಎರಡೂ ಕೆಲಸ ಒಂದೇ ಸುತ್ತಿಗೆ ಮುಗಿಯಲಿ ಅಂತ ಸೈಕಲ್ ಹತ್ತಿದೆ.

ದೊಡ್ಡ ರಸ್ತೆಯಲ್ಲಿ ಪೈಪಿಗೆ ಅಗೆದಿದ್ದರು. ವಾಪಸ್ ತಿರುಗಿ, ಯಾವತ್ತೂ ಹೋಗದ ಒಂದು ಓಣಿಗೆ ನುಗ್ಗಿದೆ. ಎರಡೂ ಕಡೆ ಮನೆಗಳ ಹಿತ್ತಿಲ ಗೋಡೆ. ಕಾರು ಹೋಗುವಷ್ಟು ಅಗಲ ಇಲ್ಲ. ಅರ್ಧ ದಾರಿಯಲ್ಲಿ ಗೋಡೆಗೆ ಒರಗಿದಂತೆ ಒಂದು ಉದ್ದನೆಯ ಕಲ್ಲು ಕಾಣಿಸಿತು. ಮುಂದೆ ಹೋದವನು ಬ್ರೇಕ್ ಹಾಕಿ, ಕಾಲಿನಲ್ಲೇ ದಬ್ಬಿಕೊಂಡು ಹಿಂದೆ ಬಂದೆ.

ಕಲ್ಲಲ್ಲ, ಕಲ್ಲಿನ ಬಾನಿ. ಒಬ್ಬ ಆಳು ಕಾಲು ಚಾಚಿ ಮಲಗುವಷ್ಟು ಉದ್ದ. ಒಂದೇ ಬಂಡೆಯಲ್ಲಿ ಕಡೆದದ್ದು. ಒಳಗೆ ಒಣಗಿದ ಎಲೆ, ಪ್ಲಾಸ್ಟಿಕ್ ಕವರು, ಒಂದು ಒಡೆದ ಹೂಕುಂಡ. ಎಲೆ ಸರಿಸಿ ನೋಡಿದರೆ ತಳದ ಮೂಲೆಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು. ಗೋಡೆ ಕಡೆಯ ಅಂಚಿನಲ್ಲಿ ಉಳಿಯ ಗುರುತು ಇನ್ನೂ ಒರಟಾಗಿದೆ. ದಾರಿ ಕಡೆಯ ಅಂಚು ಮಾತ್ರ ನುಣುಪು. ಕೈ ಇಟ್ಟರೆ ಜಾರುತ್ತದೆ. ಹಿಂದಿನ ಗೋಡೆಯಲ್ಲಿ ತುಕ್ಕು ಹಿಡಿದ ಒಂದು ಕಬ್ಬಿಣದ ಬಳೆ. ಅದರ ಕೆಳಗೆ ಕಲ್ಲಿನಲ್ಲಿ ಅರ್ಧ ಚಂದ್ರದ ಹಾಗೆ ಸವೆದ ಗೆರೆ.

ಹದಿನಾರು ವರ್ಷದಿಂದ ಇದೇ ಬಡಾವಣೆಯಲ್ಲಿ ಇದ್ದೇನೆ. ಮನೆಯಿಂದ ಎರಡು ಕಿಲೋಮೀಟರ್ ಕೂಡ ಇಲ್ಲ. ಇದನ್ನು ನೋಡೇ ಇರಲಿಲ್ಲ. ಅವತ್ತಿನಿಂದ ಅದೇ ಯೋಚನೆ.

ನಿಮಗೂ ಹೀಗೆ ಏನಾದರೂ ಸಿಕ್ಕಿದೆಯಾ? ಊರು ನೋಡೋಣ ಅಂತ ಹೊರಟಾಗ ಅಲ್ಲ. ಔಷಧಿ ತರೋಕೆ, ಪಾರ್ಸೆಲ್ ಕಳಿಸೋಕೆ, ಹೊಲಿಯೋಕೆ ಕೊಟ್ಟ ಬಟ್ಟೆ ತರೋಕೆ ಹೊರಟಾಗ.

ಲೆಕ್ಕ ಇಷ್ಟ

ನೀವು ಬರೆದದ್ದು ಓದಿ ನನಗೆ ಮೊದಲು ಹೊಳೆದದ್ದು ಒಂದು ಲೆಕ್ಕ. ಹೇಳಿಬಿಡುತ್ತೇನೆ.

ನಡೆದರೆ ಗಂಟೆಗೆ 5 ಕಿ.ಮೀ. ಅಂತ ಇಟ್ಟುಕೊಳ್ಳಿ. 15 ನಿಮಿಷದಲ್ಲಿ 1.25 ಕಿ.ಮೀ. ದೂರ ಹೋಗಬಹುದು. ಸೈಕಲ್‌ನಲ್ಲಿ ಆರಾಮಾಗಿ ತುಳಿದರೂ ಗಂಟೆಗೆ 15 ಕಿ.ಮೀ. ಅಂದರೆ ಅದೇ 15 ನಿಮಿಷಕ್ಕೆ 3.75 ಕಿ.ಮೀ. ದೂರ ಮೂರು ಪಟ್ಟು, ಆದರೆ ಮನೆಯ ಸುತ್ತ ವೃತ್ತ ಎಳೆದು ನೋಡಿ, ವಿಸ್ತೀರ್ಣ ಒಂಬತ್ತು ಪಟ್ಟು. ನಡೆಯುವವರಿಗೆ ಸುಮಾರು 5 ಚದರ ಕಿ.ಮೀ., ಸೈಕಲ್‌ನವರಿಗೆ ಸುಮಾರು 44 ಚದರ ಕಿ.ಮೀ. ರಸ್ತೆ ನೇರ ಇರುವುದಿಲ್ಲ, ಅದಕ್ಕೆ ನಿಜದಲ್ಲಿ ಎರಡೂ ಕಡಿಮೆಯಾಗುತ್ತೆ. ಪಟ್ಟು ಮಾತ್ರ ಹೆಚ್ಚು ಕಮ್ಮಿ ಹಾಗೇ ಉಳಿಯುತ್ತೆ.

ಕಾರಿನಲ್ಲಿ ಇನ್ನೂ ದೂರ ಹೋಗಬಹುದಲ್ವಾ ಅಂತ ಕೇಳಬಹುದು. ಹೋಗಬಹುದು, ನೋಡೋಕಾಗಲ್ಲ. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. 5 ಮೀಟರ್ ಅಗಲದ ಒಂದು ಗೇಟು ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಪಕ್ಕದಿಂದ ಹಾದುಹೋಗುತ್ತೆ. ಕಣ್ಣು ಒಂದು ಕಡೆ ನೆಟ್ಟು ನೋಡಿ ಇನ್ನೊಂದು ಕಡೆ ಹಾರೋಕೆ ಸೆಕೆಂಡಿನ ಕಾಲು ಭಾಗ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೇಕು. ಅಂದರೆ ಕಾರಿನಿಂದ ಆ ಗೇಟಿಗೆ ಸಿಗುವುದು ಒಂದೇ ನೋಟ. ಸೈಕಲ್‌ನಿಂದ ನಾಲ್ಕು. ನಮ್ಮ ಕಣ್ಣು ಚೂಪಾಗಿ ನೋಡುವುದು ನಡುವಿನ ಒಂದೆರಡು ಡಿಗ್ರಿ ಅಷ್ಟೇ. ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲ. ನಾಲ್ಕು ನೋಟ ಸಿಕ್ಕಿದ್ದಕ್ಕೇ ನಿಮಗೆ ಆ ಬಾನಿ ಕಂಡಿತು.

ನಡೆದೇ ನೋಡಿ

ಲೆಕ್ಕ ಚೆನ್ನಾಗಿದೆ, ಆದರೆ ನಾನು ಒಪ್ಪಲ್ಲ. ಸೈಕಲ್ ತುಳಿಯುವವರ ಕಣ್ಣು ಗೇಟಿನ ಮೇಲೆ ಎಲ್ಲಿ ಇರುತ್ತೆ? ಹೊಂಡದ ಮೇಲೆ ಇರುತ್ತೆ, ಹಿಂದಿನಿಂದ ಬರುವ ಗಾಡಿಯ ಮೇಲೆ ಇರುತ್ತೆ. ನಡೆಯುವವರು ತಲೆ ಎತ್ತಿ ಎರಡನೇ ಮಹಡಿ ನೋಡಬಹುದು. ಮರದ ಕೊಂಬೆ ನೋಡಬಹುದು. ನಾನು ನನ್ನ ಎಲ್ಲ ಕೆಲಸವನ್ನೂ ನಡೆದೇ ಮಾಡುತ್ತೇನೆ. ನನ್ನ ಓಣಿಗಳಲ್ಲಿ ಯಾವ ಬಾಗಿಲಿನ ಬಣ್ಣ ಯಾವಾಗ ಬದಲಾಯಿತು ಅನ್ನೋದೂ ಗೊತ್ತು.

ಹಳೇ ಕ್ಯಾರಿಯರ್

ನಿಮ್ಮ ಮಾತು ನಿಜ. ಹತ್ತಿರದ ಓಣಿಯ ವಿಷಯದಲ್ಲಿ ನಡಿಗೆಗೆ ಸಮ ಯಾವುದೂ ಇಲ್ಲ. ಆದರೆ ಆ ಓಣಿಗೆ ನಾನು ನಡೆದು ಹೋಗುತ್ತಲೇ ಇರಲಿಲ್ಲ. ವಾಷರ್ ತರೋಕೆ ಅಂತ ಯಾರೂ ನಾಲ್ಕು ಕಿಲೋಮೀಟರ್ ನಡೆಯಲ್ಲ.

ನನ್ನ ಪ್ರಕಾರ ಮುಖ್ಯ ವಿಷಯ ವೇಗ ಅಲ್ಲ, ನಿಲ್ಲುವುದು. ಸ್ಕೂಟರ್ ಇರಲಿ, ಕಾರಿರಲಿ, ಏನೋ ಕಂಡಾಗ "ಇನ್ನೊಂದು ಸಲ ನೋಡೋಣ" ಅಂತ ಮನಸ್ಸು ಹೇಳುತ್ತದೆ. ಹಿಂದೆ ಗಾಡಿ ಇದೆ, ನಿಲ್ಲಿಸೋಕೆ ಜಾಗ ಇಲ್ಲ, ಯೂ-ಟರ್ನ್ ಮುಂದೆ ಎಲ್ಲೋ ಇದೆ. ಆ ಇನ್ನೊಂದು ಸಲ ಬರುವುದೇ ಇಲ್ಲ. ಸೈಕಲ್‌ನಲ್ಲಿ ಕಾಲು ಕೆಳಗಿಟ್ಟರೆ ಮುಗಿಯಿತು. ಇಳಿದು ತಳ್ಳಿಕೊಂಡು ಹೊರಟರೆ ನಾನೂ ನಿಮ್ಮ ಹಾಗೇ ನಡೆಯುವವನೇ. ಆಗ ಎರಡನೇ ಮಹಡಿಯೂ ಕಾಣುತ್ತೆ.

ಇನ್ನೊಂದು ಇದೆ. ಸುತ್ತಾಡೋಕೆ ಹೊರಟಾಗ ನಾನು ಹೆಸರಿರುವ ಜಾಗಕ್ಕೇ ಹೋಗುತ್ತೇನೆ. ಫಲಕ ಇರುವ ಕಡೆ, ಎಲ್ಲರೂ ಫೋಟೋ ತೆಗೆಯುವ ಕಡೆ. ಕೆಲಸಕ್ಕೆ ಹೊರಟಾಗ ದಾರಿ ನನ್ನ ಆಯ್ಕೆ ಅಲ್ಲ. ವಾಷರ್ ಎಲ್ಲಿ ಸಿಗುತ್ತೋ ಅಲ್ಲಿಗೆ ಹೋಗಲೇಬೇಕು. ನಾನಾಗೇ ಯಾವತ್ತೂ ಆರಿಸಿಕೊಳ್ಳದ ದಾರಿಗೆ ಆ ಕೆಲಸ ನನ್ನನ್ನು ತಳ್ಳುತ್ತದೆ.

ಎರಡು ಬ್ಯಾಗು ಒಂದು ಮಗು

ನಮ್ಮ ಮನೆಯಲ್ಲಿ ಹುಡುಕುವವಳು ನನ್ನ ಮಗಳು. ಐದು ವರ್ಷ. ಹಿಂದಿನ ಸೀಟಿನಲ್ಲಿ ಕೂತರೆ ಅವಳಿಗೆ ನನ್ನ ಬೆನ್ನು ಬಿಟ್ಟು ಮುಂದೆ ಏನೂ ಕಾಣಲ್ಲ. ಅದಕ್ಕೇ ಪಕ್ಕಕ್ಕೆ, ಕೆಳಕ್ಕೆ ನೋಡುತ್ತಾಳೆ.

ಒಂದು ದಿನ ಔಷಧಿ ಅಂಗಡಿಯಿಂದ ಬರುವಾಗ "ಅಮ್ಮ, ಇದು ಹೂವಿನದು, ಆಗಿಂದು ಚೌಕದ್ದು" ಅಂದಳು. ಏನು ಅಂತ ನಿಲ್ಲಿಸಿ ನೋಡಿದರೆ ಮ್ಯಾನ್‌ಹೋಲ್ ಮುಚ್ಚಳ! ಒಂದರ ಮೇಲೆ ಎಸಳು ಎಸಳಾಗಿ ಉಬ್ಬು, ಇನ್ನೊಂದರ ಮೇಲೆ ಚೌಕ. ಒಂದು ಮುಚ್ಚಳದ ಅಂಚಿನಲ್ಲಿ ಅಕ್ಷರ ಇತ್ತು, ತುಳಿದು ತುಳಿದು ಸವೆದಿತ್ತು. ಅವತ್ತಿನಿಂದ ಎಲ್ಲಿಗೆ ಹೋದರೂ ಮುಚ್ಚಳದ ಲೆಕ್ಕ. ಈವರೆಗೆ ಹನ್ನೊಂದು ಬಗೆ ಸಿಕ್ಕಿವೆ. ಒಂದು ಕಾಗದದ ಮೇಲೆ ಎಲ್ಲದರ ಚಿತ್ರ ಬರೆದಿದ್ದಾಳೆ. ನಾನು ಆ ರಸ್ತೆಯಲ್ಲಿ ಹುಟ್ಟಿ ಬೆಳೆದವಳು. ಒಂದನ್ನೂ ನೋಡಿರಲಿಲ್ಲ.

ನಕ್ಷೆ ಹುಚ್ಚು

ನಿಮ್ಮ ಮಗಳಿಗೆ ಜಪಾನಿನ ಮುಚ್ಚಳಗಳ ಫೋಟೋ ತೋರಿಸಿ, ಖುಷಿಪಡುತ್ತಾಳೆ. ಅಲ್ಲಿ ಒಂದೊಂದು ಊರೂ ತನ್ನದೇ ಚಿತ್ರ ಹಾಕಿಸಿಕೊಳ್ಳುತ್ತೆ. ಹೂವು, ಮೀನು, ಕೋಟೆ, ಬಣ್ಣ ಬಣ್ಣದಲ್ಲಿ. 2016ರಿಂದ ಆ ಮುಚ್ಚಳಗಳ ಕಾರ್ಡ್ ಕೂಡ ಹಂಚುತ್ತಿದ್ದಾರೆ. ಜನ ಊರೂರಿಗೆ ಹೋಗಿ ಸೇರಿಸಿಕೊಳ್ಳುತ್ತಾರೆ.

ಇನ್ನು ದಾರಿಯ ವಿಷಯ. ಫೋನಿನ ನಕ್ಷೆಯನ್ನು ಕೇಳಿದರೆ ಅದು ಎಲ್ಲರಿಗೂ ಬೇಗ ಮುಟ್ಟುವ ದಾರಿಯನ್ನೇ ಹೇಳುತ್ತೆ. ಹಾಗಾಗಿ ಎಲ್ಲರೂ ಅದೇ ನಾಲ್ಕು ರಸ್ತೆಯಲ್ಲಿ ಓಡಾಡುತ್ತೇವೆ. ಪಕ್ಕದ ಓಣಿ ಇದ್ದೂ ಇಲ್ಲದ ಹಾಗೆ. ಕಾರಿಗೆ ಮುಚ್ಚಿದ ದಾರಿ ಸೈಕಲ್‌ಗೆ ತೆರೆದಿರುತ್ತೆ ಅನ್ನೋದನ್ನು ಬಹಳ ಜನ ಯೋಚಿಸಲ್ಲ. ನೆದರ್‌ಲ್ಯಾಂಡ್ಸಿನ ಖ್ರೋನಿಂಗನ್ ಊರಿನಲ್ಲಿ ಇದನ್ನೇ ಬೇಕಂತ ಮಾಡಿದರು. 1977ರಲ್ಲಿ ಊರ ನಡುಭಾಗವನ್ನು ನಾಲ್ಕು ಭಾಗ ಮಾಡಿದರು. ಕಾರು ಒಂದು ಭಾಗದಿಂದ ಇನ್ನೊಂದಕ್ಕೆ ನೇರ ಹೋಗುವಂತಿಲ್ಲ. ಹೊರಗಿನ ವರ್ತುಲ ರಸ್ತೆ ಸುತ್ತಿ ಬರಬೇಕು. ಸೈಕಲ್ ಮಾತ್ರ ಎಲ್ಲಿ ಬೇಕಾದರೂ ದಾಟಬಹುದು. ಜನ ಸಹಜವಾಗಿ ಸೈಕಲ್ ಹತ್ತಿದರು.

ಅದೇ ದೇಶದ ಭಾಷೆಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಪದ ಇದೆ. ಹುಲ್ಲಿನ ಮೇಲೆ ಜನ ಓಡಾಡಿ ಓಡಾಡಿ ತಾವಾಗೇ ಮಾಡಿಕೊಂಡ ಕಾಲುದಾರಿಗೆ ಅವರು "ಆನೆ ದಾರಿ" ಅನ್ನುತ್ತಾರೆ. ಅಂಥದು ಕಂಡರೆ ಬಿಡಬೇಡಿ. ಯಾರೋ ದಿನಾ ಎಲ್ಲಿಗೋ ಹೋಗುತ್ತಿದ್ದಾರೆ ಅಂತ ಅರ್ಥ. ನನಗೆ ಒಂದು ಆನೆ ದಾರಿಯ ಕೊನೆಯಲ್ಲಿ ರೈಲು ಹಳಿ ಪಕ್ಕದ ಕಲ್ಲುಬೆಂಚು ಸಿಕ್ಕಿತು. ನಾನು ಹೋದದ್ದು ಜೆರಾಕ್ಸ್ ಮಾಡಿಸೋಕೆ.

ಹಳೇ ಕ್ಯಾರಿಯರ್ ಅವರೇ, ಓಪನ್‌ಸ್ಟ್ರೀಟ್‌ಮ್ಯಾಪ್ ಗೊತ್ತಲ್ವಾ? 2004ರಲ್ಲಿ ಶುರುವಾದದ್ದು. ಯಾರು ಬೇಕಾದರೂ ತಮ್ಮ ಕಣ್ಣಾರೆ ಕಂಡದ್ದನ್ನು ಸೇರಿಸಬಹುದಾದ ನಕ್ಷೆ. ಬೆಂಚು, ಕುಡಿಯುವ ನೀರಿನ ನಲ್ಲಿ, ಮೆಟ್ಟಿಲು, ಒಂಟಿ ಮರ ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಸ್ಟ್ರೀಟ್‌ಕಂಪ್ಲೀಟ್ ಅಂತ ಒಂದು ಆಪ್ ಇದೆ. ನಿಂತ ಜಾಗದಲ್ಲೇ "ಈ ಬೆಂಚಿಗೆ ಒರಗು ಇದೆಯಾ?" ಅಂತ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತೆ. ಉತ್ತರ ಕೊಟ್ಟರೆ ನಕ್ಷೆಗೆ ಸೇರುತ್ತೆ. ಒಂದೇ ಎಚ್ಚರಿಕೆ: ಬೇರೆ ಕಂಪನಿಯ ನಕ್ಷೆ ನೋಡಿ ನಕಲು ಮಾಡಬೇಡಿ. ನೋಡಿದ್ದನ್ನು ಮಾತ್ರ ಹಾಕಿ.

ಪ್ರಾಣಿಗಳು ನೀರು ಕುಡಿಯುವ ಜಾಗಕ್ಕೂ ಅದರಲ್ಲಿ ಬೇರೆಯೇ ಗುರುತಿದೆ. ನಿಮ್ಮ ಬಾನಿ ಅದೇ ಇರಬೇಕು ಅಂತ ನನಗೆ ಅನಿಸುತ್ತಿದೆ.

ಇಳಿಜಾರು

ನನಗೂ ಹಾಗೇ ಅನಿಸಿತು. ದಾರಿ ಕಡೆಯ ಅಂಚು ನುಣುಪು ಅಂದಿರಲ್ಲ, ಅಲ್ಲೇ ಉತ್ತರ ಇದೆ. ಪ್ರಾಣಿಗಳ ಕತ್ತು ಉಜ್ಜಿ ಉಜ್ಜಿ ಆದ ನುಣುಪು. ಕಬ್ಬಿಣದ ಬಳೆ ಹಗ್ಗ ಕಟ್ಟೋಕೆ. ಅದರ ಕೆಳಗಿನ ಅರ್ಧ ಚಂದ್ರ ಬಳೆ ತೂಗಾಡಿ ಕೊರೆದ ಗೆರೆ. ತಳದ ತೂತು ನೀರು ಖಾಲಿ ಮಾಡಿ ತೊಳೆಯೋಕೆ. ಅದಕ್ಕೊಂದು ಮರದ ಬೆಣೆ ಇದ್ದಿರಬೇಕು.

ಇಂಥವು ಒಂದು ಕಾಲದಲ್ಲಿ ಪೆಟ್ರೋಲ್ ಬಂಕ್ ಇದ್ದ ಹಾಗೆ. ಕೆಲಸ ಮಾಡುವ ಒಂದು ಕುದುರೆಗೆ ದಿನಕ್ಕೆ 40 ಲೀಟರ್‌ಗೂ ಜಾಸ್ತಿ ನೀರು ಬೇಕಾಗುತ್ತೆ. ಗಾಡಿ ಎಳೆದು ಎಳೆದು ಬಾಯಾರಿದ ಪ್ರಾಣಿಗೆ ದಾರಿಯಲ್ಲೇ ನೀರು ಸಿಗಬೇಕಲ್ಲ. ಲಂಡನ್ನಿನಲ್ಲಿ 1859ರಲ್ಲಿ ಜನರಿಗೆ ಶುದ್ಧ ಕುಡಿಯುವ ನೀರು ಕೊಡೋಕೆ ಒಂದು ಸಂಘ ಹುಟ್ಟಿತು. 1867ರಲ್ಲಿ ಅದರ ಹೆಸರಿಗೇ ದನಗಳ ನೀರಿನ ತೊಟ್ಟಿಯೂ ಸೇರಿತು. ಅವರು ಇಟ್ಟ ಗ್ರಾನೈಟ್ ಬಾನಿಗಳು ಇವತ್ತಿಗೂ ಅಲ್ಲಿನ ರಸ್ತೆ ಬದಿಯಲ್ಲಿ ಇವೆ. ಎಷ್ಟೋ ಬಾನಿಗಳಲ್ಲಿ ಈಗ ಹೂಗಿಡ.

ನಿಮಗೆ ಒಂದು ಪ್ರಶ್ನೆ. ಬಾನಿ ದಾಟಿದ ಮೇಲೆ ಪೆಡಲ್ ಬಿಗಿಯಾಯಿತಾ? ಏರು ಇತ್ತಾ?

ಹಳೇ ಕ್ಯಾರಿಯರ್

ಕಣ್ಣಿಗೆ ಸಮತಟ್ಟು ಅಂತಲೇ ನೆನಪು. ಚಪ್ಪಲಿ ಹೊಲಿಸಬೇಕು, ನಾಡಿದ್ದು ಅದೇ ಕಡೆ ಹೋಗುತ್ತೇನೆ. ನೋಡಿ ಹೇಳುತ್ತೇನೆ.

ಸಂಜೆ ಲೈಟು

ನಾನು ಸ್ವಲ್ಪ ಬೇರೆ ವಿಷಯ ಹೇಳಬೇಕು. ಎಲ್ಲರೂ ಗೊತ್ತಿಲ್ಲದ ಓಣಿಗೆ ಸುಮ್ನೆ ನುಗ್ಗಿ ಅನ್ನುತ್ತಿದ್ದೀರಿ. ಹೆಂಗಸರಿಗೆ ಅದು ಅಷ್ಟು ಸುಲಭ ಅಲ್ಲ. ಹೊಸ ಓಣಿಗೆ ಮೊದಲ ಸಲ ಹಗಲು ಹೊತ್ತಿನಲ್ಲೇ ಹೋಗುತ್ತೇನೆ. ಆಚೆ ತುದಿ ಎಲ್ಲಿಗೆ ತೆರೆಯುತ್ತೆ ಅಂತ ಮೊದಲೇ ನಕ್ಷೆಯಲ್ಲಿ ನೋಡಿರುತ್ತೇನೆ. ತುದಿ ಮುಚ್ಚಿದ್ದರೆ ಹೋಗಲ್ಲ.

ಆದರೆ ಕೆಲಸದ ನೆಪದಿಂದ ನನಗೆ ಒಂದು ಧೈರ್ಯ ಬಂದಿದೆ, ಅದು ನಿಜ. ಯಾರಾದರೂ "ಯಾರು ಬೇಕಾಗಿತ್ತು?" ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರುತ್ತೆ. "ಟೈಲರ್ ಅಂಗಡಿ ಹುಡುಕ್ತಿದ್ದೀನಿ" ಅಂದರೆ ಸಾಕು. ಕೇಳಿದವರೇ ನಾಲ್ಕು ಹೆಜ್ಜೆ ಬಂದು ದಾರಿ ತೋರಿಸುತ್ತಾರೆ. ಸುಮ್ನೆ ನೋಡೋಕೆ ಬಂದೆ ಅಂದರೆ ಮುಖ ಬೇರೆ ಆಗುತ್ತೆ. ಕೈಯಲ್ಲಿ ಒಂದು ಚೀಲ, ಒಂದು ಚೀಟಿ ಇದ್ದರೆ ಊರು ನಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತೆ.

ಹೀಗೆ ದಾರಿ ಕೇಳಿದಾಗಲೇ ನನಗೆ ಒಂದು ವಾಚನಾಲಯ ಸಿಕ್ಕಿತು. ಅಂಚೆ ಕಚೇರಿಯ ಹಿಂದಿನ ಕಟ್ಟಡದ ಮೇಲೆ. ಫಲಕವನ್ನು ಮರದ ಕೊಂಬೆ ಮುಚ್ಚಿಬಿಟ್ಟಿದೆ. ಕಿರಿದಾದ ಮೆಟ್ಟಿಲು. ಮೇಲೆ ಉದ್ದನೆಯ ಮೇಜು, ಆರು ಕುರ್ಚಿ, ರಸ್ತೆ ಕಡೆಗೊಂದು ಕಿಟಕಿ. ನಾನು ಹೋದಾಗ ಇಬ್ಬರೇ ಇದ್ದರು. ಫ್ಯಾನಿನ ಗಾಳಿಗೆ ಪೇಪರ್ ಹಾರದ ಹಾಗೆ ಅದರ ಮೇಲೆ ನದಿಯ ನುಣುಪು ಕಲ್ಲು ಇಟ್ಟಿದ್ದರು. ಈಗ ಪ್ರತಿ ಸಲ ಅಂಚೆಗೆ ಹೋದಾಗ ಕಾಲು ಗಂಟೆ ಅಲ್ಲಿ ಕೂತು ಬರುತ್ತೇನೆ.

ಅರವತ್ತರ ಮೇಲೆ

ಮಂಡಿ ನೋವಿರುವವರೂ ಇಲ್ಲಿ ಇದ್ದೀರಿ ಅಂದುಕೊಳ್ಳುತ್ತೇನೆ. ನಡುವೆ ಅಡ್ಡ ಕೊಳವೆ ಇಲ್ಲದ, ತಗ್ಗಾದ ಸೈಕಲ್ ತಗೊಳ್ಳಿ. ಕಾಲು ಎತ್ತಿ ಹಾಕುವ ಕಷ್ಟ ಇಲ್ಲದಿದ್ದರೆ ಹತ್ತು ಕಡೆ ಇಳಿಯುತ್ತೀರಿ. ಇಳಿಯೋದು ಕಷ್ಟವಾದರೆ ಎಲ್ಲೂ ನಿಲ್ಲಲ್ಲ. ನಾನು ಎರಡೂ ಅನುಭವಿಸಿದ್ದೇನೆ.

ಮತ್ತೆ ಚೀಲದ ವಿಷಯ. ದಯವಿಟ್ಟು ಹ್ಯಾಂಡಲ್‌ಗೆ ಚೀಲ ನೇತು ಹಾಕಬೇಡಿ. ಎರಡು ವರ್ಷದ ಹಿಂದೆ ನಾನು ಹಾಗೇ ಬರುತ್ತಿದ್ದೆ. ತಿರುವಿನಲ್ಲಿ ಚೀಲ ಒಳಗೆ ತೂಗಿ ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿಕೊಂಡಿತು. ಚಕ್ರ ಅಲ್ಲೇ ನಿಂತಿತು. ನಾನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬಿದ್ದೆ. ಮಣಿಕಟ್ಟು ಊದಿಕೊಂಡು ಮೂರು ವಾರ ಸೈಕಲ್ ಮುಟ್ಟಲಿಲ್ಲ. ಈಗ ಹಿಂದಿನ ಕ್ಯಾರಿಯರ್‌ನ ಎರಡೂ ಕಡೆ ಚೀಲ. ಭಾರ ಕೆಳಗೆ ಇದ್ದಷ್ಟೂ ಸೈಕಲ್ ಓಲಾಡಲ್ಲ. ಎರಡೂ ಕಡೆ ಸಮ ಇರಲಿ.

ಬೀಗವೂ ಒಳ್ಳೆಯದಿರಲಿ. ಹಿಂದಿನ ಚಕ್ರ ಮತ್ತು ಫ್ರೇಮು ಎರಡನ್ನೂ ಸೇರಿಸಿ, ಕದಲದ ಕಂಬಕ್ಕೆ ಬೀಗ ಹಾಕಿ. ಚಕ್ರಕ್ಕೆ ಮಾತ್ರ ಹಾಕಿದರೆ ಎತ್ತಿಕೊಂಡು ಹೋಗುತ್ತಾರೆ. ಸೈಕಲ್ ಇದೆಯೋ ಇಲ್ಲವೋ ಅಂತ ತಿರುತಿರುಗಿ ನೋಡುತ್ತಿದ್ದರೆ ಮೆಟ್ಟಿಲು ಹತ್ತಿ ವಾಚನಾಲಯ ನೋಡೋಕೆ ಮನಸ್ಸು ಬರುತ್ತಾ?

ದಾರಿ ತಪ್ಪುವವ

ನನಗೆ ಹುಟ್ಟಿನಿಂದ ದಿಕ್ಕು ಗೊತ್ತಾಗಲ್ಲ. ಬಸ್ಸಿನಲ್ಲಿ ಓಡಾಡುತ್ತಿದ್ದಾಗ ಊರು ನನಗೆ ಬಿಡಿ ಬಿಡಿ ತುಂಡಾಗಿತ್ತು. ಈ ಸ್ಟಾಪಿನ ಸುತ್ತ ಒಂದು ತುಂಡು, ಆ ಸ್ಟಾಪಿನ ಸುತ್ತ ಇನ್ನೊಂದು. ನಡುವೆ ಏನಿದೆ ಗೊತ್ತಿಲ್ಲ. ಆರು ತಿಂಗಳಿಂದ ಸಣ್ಣ ಕೆಲಸಕ್ಕೆಲ್ಲ ಸೈಕಲ್. ಒಂದು ದಿನ ಬ್ಯಾಂಕಿನ ಕೆಲಸ ಮುಗಿಸಿ ಹಿಂದಿನ ಓಣಿಯಿಂದ ಬಂದೆ. ನೋಡಿದರೆ ನಾನು ನಿಂತದ್ದು ನನ್ನ ದಂತವೈದ್ಯರ ಮನೆ ಮುಂದೆ! ಎರಡೂ ಜಾಗ ಬೆನ್ನಿಗೆ ಬೆನ್ನು ಹಚ್ಚಿಕೊಂಡಿವೆ. ಹತ್ತು ವರ್ಷ ನಾನು ಎರಡಕ್ಕೂ ಬೇರೆ ಬೇರೆ ಬಸ್ಸಿನಲ್ಲಿ ಹೋಗಿದ್ದೇನೆ. ಆ ಓಣಿಯ ಬಾಯಲ್ಲಿ ನಿಂತಾಗ ಆದ ಸಂತೋಷ ಹೇಳೋಕೆ ಬರಲ್ಲ.

ಲೆಕ್ಕ ಇಷ್ಟ

ನಿಮ್ಮ ತಲೆಯೊಳಗೆ ಆದದ್ದಕ್ಕೆ ನೊಬೆಲ್ ಬಂದಿದೆ ಗೊತ್ತಾ? ಮಿದುಳಿನ ಹಿಪೊಕ್ಯಾಂಪಸ್ ಅನ್ನೋ ಭಾಗದಲ್ಲಿ, ಒಂದು ನಿರ್ದಿಷ್ಟ ಜಾಗದಲ್ಲಿ ಇದ್ದಾಗ ಮಾತ್ರ ಮಿಡಿಯುವ ಜೀವಕೋಶಗಳನ್ನು 1971ರಲ್ಲಿ ಜಾನ್ ಓಕೀಫ್ ಇಲಿಗಳಲ್ಲಿ ಕಂಡುಹಿಡಿದರು. ಪಕ್ಕದ ಭಾಗದಲ್ಲಿ ಜಾಲರಿಯಂತೆ ಜಾಗ ಅಳೆಯುವ ಜೀವಕೋಶಗಳಿವೆ ಅಂತ 2005ರಲ್ಲಿ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ತೋರಿಸಿದರು. ಮೂವರಿಗೂ 2014ರಲ್ಲಿ ನೊಬೆಲ್ ಸಿಕ್ಕಿತು. ಬಸ್ಸಿನಲ್ಲಿ ಬೇರೆಯವರು ತಿರುಗಿಸುತ್ತಾರೆ. ಸೈಕಲ್‌ನಲ್ಲಿ ಎಡ ಯಾವುದು ಬಲ ಯಾವುದು ಅಂತ ನೀವೇ ತೀರ್ಮಾನ ಮಾಡುತ್ತೀರಿ. ತುಂಡುಗಳು ಕೂಡಿಕೊಳ್ಳೋದು ಅದಕ್ಕೇ ಅಂತ ನನ್ನ ನಂಬಿಕೆ.

ಹಳೇ ಕ್ಯಾರಿಯರ್

ಇಳಿಜಾರು ಅವರೇ, ಹೋಗಿ ಬಂದೆ. ನೀವು ಹೇಳಿದ್ದು ನಿಜ!

ಬಾನಿ ದಾಟಿ ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಗೇರ್ ಇಳಿಸಬೇಕಾಯಿತು. ಕಣ್ಣಿಗೆ ಏನೂ ಕಾಣಲ್ಲ. ತೊಡೆಗೆ ಗೊತ್ತಾಗುತ್ತೆ. ನಂಬಿಕೆ ಬರದೆ ಬಾನಿ ಪಕ್ಕ ಬಂದು ನಿಂತು ಬ್ರೇಕ್ ಬಿಟ್ಟು, ಎರಡೂ ಕಾಲು ಸ್ವಲ್ಪ ಎತ್ತಿದೆ. ಸೈಕಲ್ ತಾನಾಗೇ ಹಿಂದಕ್ಕೆ ಉರುಳಿತು. ಅಷ್ಟು ನಿಧಾನ, ಟೈರಿನ ಕೆಳಗೆ ಮರಳು ಕರಕರ ಅನ್ನೋದು ಕೇಳಿಸುತ್ತಿತ್ತು. ಅಂದರೆ ಏರು ಶುರುವಾಗುವ ಕಡೆಯೇ ಬಾನಿ ಇಟ್ಟಿದ್ದಾರೆ. ಭಾರ ಎಳೆದು ಹತ್ತುವ ಮೊದಲು ಒಂದು ಗುಟುಕು ನೀರು.

ಅಷ್ಟಕ್ಕೇ ಬಿಡೋಕೆ ಮನಸ್ಸಾಗಲಿಲ್ಲ. ಸೈಕಲ್ ತಿರುಗಿಸಿದೆ. ಪೆಡಲ್ ತುಳಿಯಲೇ ಬಾರದು, ಅದು ಎತ್ತ ಉರುಳುತ್ತೋ ಅತ್ತ ಹೋಗೋಣ ಅಂದುಕೊಂಡೆ. ಸುತ್ತಲಿನ ರಸ್ತೆಗಳೆಲ್ಲ ನೇರ. ಈ ಓಣಿ ಮಾತ್ರ ಹಾವಿನ ಹಾಗೆ ಬಳುಕುತ್ತೆ. ಬಳುಕಿ ಬಳುಕಿ ಒಂದು ಕಬ್ಬಿಣದ ಜಾಲರಿಯ ಹತ್ತಿರ ನಿಂತಿತು. ಬಗ್ಗಿ ಕಿವಿ ಕೊಟ್ಟೆ. ಕೆಳಗೆ ನೀರು ಹರಿಯುವ ಸದ್ದು. ಚರಂಡಿಯ ನಾತ ಇಲ್ಲ, ತಂಪು ಗಾಳಿ ಮುಖಕ್ಕೆ ಬಡಿಯಿತು. ಮಳೆ ಬಂದು ಎಂಟು ದಿನ ಆಗಿದೆ. ಚಪ್ಪಲಿ ಹೊಲಿಸೋದು ಮರೆತು ಮನೆಗೆ ಬಂದೆ.

ಇಳಿಜಾರು

ಓದಿ ಮೈ ಜುಮ್ ಅಂತು. ನಿಮಗೆ ಸಿಕ್ಕಿರೋದು ಮುಚ್ಚಿಹೋದ ತೊರೆ ಇರಬೇಕು. ಬಾನಿಗೆ ನೀರು ಅಲ್ಲಿಂದಲೇ ಬಂದಿರಬೇಕು.

ಬೆಳೆದ ಊರುಗಳೆಲ್ಲ ಹೀಗೆ ತೊರೆಗಳನ್ನು ಕೊಳವೆಗೆ ತುಂಬಿ ಮೇಲೆ ರಸ್ತೆ ಹಾಕಿವೆ. ಲಂಡನ್ನಿನ ಫ್ಲೀಟ್ ನದಿ ಈಗ ಬಹುಪಾಲು ರಸ್ತೆಯ ಕೆಳಗೆ. ಕ್ಲರ್ಕನ್‌ವೆಲ್‌ನ ರೇ ಸ್ಟ್ರೀಟ್‌ನಲ್ಲಿ ಒಂದು ಜಾಲರಿ ಇದೆ. ಬಗ್ಗಿದರೆ ನಿಮಗೆ ಕೇಳಿದ ಹಾಗೇ ನೀರಿನ ಸದ್ದು ಕೇಳುತ್ತೆ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಚೊಂಗ್‌ಗ್ಯೆಚೊನ್ ಅನ್ನೋ ತೊರೆಯನ್ನು ಮುಚ್ಚಿ ಮೇಲೆ ಎತ್ತರದ ಹೆದ್ದಾರಿ ಕಟ್ಟಿದ್ದರು. ಆಮೇಲೆ ಹೆದ್ದಾರಿ ಕಿತ್ತು ಹಾಕಿ ಸುಮಾರು 6 ಕಿ.ಮೀ. ತೊರೆಯನ್ನು ಮತ್ತೆ ತೆರೆದರು. 2005ರಲ್ಲಿ ಜನ ಅದರ ದಡದಲ್ಲಿ ನಡೆಯೋಕೆ ಶುರು ಮಾಡಿದರು.

ಗುರುತು ಹಿಡಿಯೋದು ಹೇಗೆ ಅಂತ ಬೇರೆಯವರಿಗೂ ಹೇಳುತ್ತೇನೆ. ನೇರ ರಸ್ತೆಗಳ ನಡುವೆ ಒಂದೇ ಒಂದು ಬಳುಕುವ ಓಣಿ. ಎರಡೂ ಕಡೆಯಿಂದ ರಸ್ತೆ ಅದರ ಕಡೆಗೇ ಇಳಿಯುತ್ತೆ. ಮಳೆ ಬಂದರೆ ಮೊದಲು ಅಲ್ಲೇ ನೀರು ನಿಲ್ಲುತ್ತೆ. ಸೇತುವೆ ಇಲ್ಲದ ಕಡೆ ಸೇತುವೆಯ ಹೆಸರು ಇರುತ್ತೆ. ಇಳಿಜಾರು ಕಣ್ಣಿಗೆ ಮೋಸ ಮಾಡುತ್ತೆ, ಕಾಲಿಗೆ ಮೋಸ ಮಾಡಲ್ಲ. ನನಗೆ ಸೈಕಲ್ ಇಷ್ಟ ಆಗೋದೇ ಇದಕ್ಕೆ.

ನಡೆದೇ ನೋಡಿ

ಸರಿ, ಇದನ್ನು ಒಪ್ಪಿಕೊಳ್ಳುತ್ತೇನೆ. ನಡೆಯುವಾಗ ಅಷ್ಟು ಸಣ್ಣ ಏರು ನನಗೆ ಗೊತ್ತಾಗುತ್ತಿರಲಿಲ್ಲ.

ಆದರೆ ಒಂದು ಮಾತು. ಆ ಓಣಿ ಎಲ್ಲಿದೆ ಅಂತ ಯಾರಿಗೂ ಹೇಳಬೇಡಿ. ನನಗೆ ಒಂದು ಸಲ ಹೀಗೆ ಆಯಿತು. ಹಳೇ ಗೋಡೆಯ ಹಿಂದೆ ಒಂದು ಚಿಕ್ಕ ತೋಟ, ಬಾಗಿಲು ಯಾವಾಗಲೂ ತೆರೆದಿರುತ್ತಿತ್ತು. ಖುಷಿಗೆ ಫೋಟೋ ಹಾಕಿ ಜಾಗದ ಗುರುತೂ ಕೊಟ್ಟೆ. ಎರಡು ತಿಂಗಳಲ್ಲಿ ಬೆಂಚು ಮುರಿದಿತ್ತು. ಮೂರನೇ ತಿಂಗಳು ಬಾಗಿಲಿಗೆ ಬೀಗ. ದಿನಾ ಅಲ್ಲಿ ಬಂದು ಕೂರುತ್ತಿದ್ದ ಒಬ್ಬ ಅಜ್ಜಿ ಬೀಗ ಮುಟ್ಟಿ ನೋಡಿ ವಾಪಸ್ ಹೋದದ್ದನ್ನು ಕಣ್ಣಾರೆ ಕಂಡೆ. ನನ್ನಿಂದ ಆದ ತಪ್ಪು ಅದು. ಇವತ್ತಿಗೂ ಆ ಕಡೆ ಹೋಗೋಕೆ ಕಷ್ಟ ಆಗುತ್ತೆ.

ನಕ್ಷೆ ಹುಚ್ಚು

ನಿಮ್ಮ ನೋವು ಅರ್ಥವಾಗುತ್ತೆ. ನಾನು ಎಲ್ಲವನ್ನೂ ನಕ್ಷೆಗೆ ಹಾಕಲ್ಲ. ಕುಡಿಯುವ ನೀರು, ಬೆಂಚು, ಮೆಟ್ಟಿಲು, ಶೌಚಾಲಯ, ಅಡ್ಡದಾರಿ ಹಾಕುತ್ತೇನೆ. ಅವು ಬೇಕಾದವರಿಗೆ ಸಿಗಲೇಬೇಕು. ಗೂಡು ಕಟ್ಟಿದ ಮರ, ಯಾರದೋ ಮನೆಯ ಅಂಗಳ ಹಾಕಲ್ಲ. ಫೋಟೋ ಹಾಕಿ "ಇಲ್ಲಿಗೆ ಬನ್ನಿ" ಅನ್ನೋದೇ ಬೇರೆ, ನಕ್ಷೆಯಲ್ಲಿ ಒಂದು ಚುಕ್ಕೆ ಇಡೋದೇ ಬೇರೆ.

ಆದರೆ ಯಾರಿಗೂ ಗೊತ್ತಿಲ್ಲದ ಕಲ್ಲನ್ನು ಯಾರು ಬೇಕಾದರೂ ಒಡೆದು ಹಾಕಬಹುದು. ನಾಳೆ ಆ ಓಣಿ ಅಗಲ ಮಾಡೋಕೆ ಬಂದರೆ, ಅದು ಬಾನಿ ಅಂತ ಹೇಳೋಕೆ ಯಾರಾದರೂ ಇರಬೇಕಲ್ವಾ?

ಸಂಜೆ ಲೈಟು

ಮೊದಲು ಆ ಓಣಿಯವರನ್ನೇ ಕೇಳಿ. ಅವರಿಗೆ ಗೊತ್ತಿರುತ್ತೆ. ಹಿತ್ತಿಲ ಬಾಗಿಲಲ್ಲಿ ಯಾರಾದರೂ ವಯಸ್ಸಾದವರು ಕಂಡರೆ ನಿಲ್ಲಿಸಿ ಮಾತಾಡಿಸಿ.

ಹಳೇ ಕ್ಯಾರಿಯರ್

ಕೇಳಿದೆ. ಇವತ್ತು ಮತ್ತೆ ಚಪ್ಪಲಿಯ ನೆಪ. ಬಾನಿಯ ಎದುರಿನ ಹಿತ್ತಿಲಲ್ಲಿ ಒಬ್ಬರು ಅಮ್ಮ ಬಟ್ಟೆ ಒಣಗಿಸುತ್ತಿದ್ದರು. ಅವರಿಗೆ ತೊರೆಯ ವಿಷಯ ಗೊತ್ತಿತ್ತು. ಚಿಕ್ಕವರಿದ್ದಾಗ ಅದು ತೆರೆದೇ ಇತ್ತಂತೆ. ಬಾನಿಯ ತುಂಬ ನೀರಿರುತ್ತಿತ್ತು, ಬೇಸಿಗೆಯಲ್ಲಿ ಮಕ್ಕಳೆಲ್ಲ ಅದರಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರಂತೆ, ಬೈಸಿಕೊಳ್ಳುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ಬಂದು ಆ ನುಣುಪು ಅಂಚಿನ ಮೇಲೆ ಕೂತರು. ಕೂತ ರೀತಿ ನೋಡಿದರೆ ಮೈಗೆ ಆ ಜಾಗ ಇನ್ನೂ ನೆನಪಿದೆ ಅನಿಸಿತು.

ಇಬ್ಬರೂ ಸೇರಿ ಎಲೆ, ಕವರು, ಒಡೆದ ಕುಂಡ ತೆಗೆದೆವು. ಅವರು ಪೊರಕೆ ತಂದರು. ತಳದಲ್ಲಿ ಉಳಿಯ ಗುರುತು ಸಾಲು ಸಾಲಾಗಿ ಕಾಣಿಸಿತು. ಓಣಿಯ ಜಾಗವನ್ನು ನಾನು ಇಲ್ಲಿ ಹೇಳಲ್ಲ. ನಕ್ಷೆಯಲ್ಲಿ ಚುಕ್ಕೆ ಇಡುತ್ತೇನೆ. ಅಮ್ಮನ ಒಪ್ಪಿಗೆ ಕೇಳಿಯೇ ಈ ತೀರ್ಮಾನ.

ಅರವತ್ತರ ಮೇಲೆ

ತುಂಬ ಒಳ್ಳೆ ಕೆಲಸ. ಒಂದು ಎಚ್ಚರಿಕೆ. ಮಳೆ ನೀರು ನಿಂತರೆ ಸೊಳ್ಳೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗೋಕೆ ಒಂದು ವಾರ, ಹತ್ತು ದಿನ ಸಾಕು. ತೂತು ಮುಚ್ಚದ ಹಾಗೆ ನೋಡಿಕೊಳ್ಳಿ.

ಹಳೇ ಕ್ಯಾರಿಯರ್

ಸರ್, ನೀವು ಹೀಗೆ ಬರೆದ ಮೂರನೇ ದಿನ ಮಳೆ ಬಂತು. ಬೆಳಿಗ್ಗೆ ಪಾರ್ಸೆಲ್ ಕಳಿಸೋಕೆ ಹೊರಟವನು ಆ ಓಣಿಯಿಂದಲೇ ಹೋದೆ. ಬಾನಿಯಲ್ಲಿ ಗೇಣುದ್ದ ನೀರು. ನುಣುಪು ಅಂಚಿನ ಮೇಲೆ ಎರಡು ಮೈನಾ ಹಕ್ಕಿ ಕೂತು ಕುಡಿಯುತ್ತಿದ್ದವು. ಬಗ್ಗಿ ನೋಡಿದೆ. ತಳದ ತೂತಿಗೆ ಹೊಸ ಮರದ ಬೆಣೆ ಬಡಿದಿದ್ದರು. ಚೆನ್ನಾಗಿ ಕೆತ್ತಿ, ಹಿಡಿದು ಎಳೆಯೋಕೆ ಸಣ್ಣ ಹಗ್ಗವನ್ನೂ ಕಟ್ಟಿದ್ದರು. ನಾನು ಮಾಡಿದ್ದಲ್ಲ. ಎದುರು ಮನೆಯ ಬಾಗಿಲು ಹಾಕಿತ್ತು.

ನೀವು ಹೇಳಿದ್ದು ನೆನಪಿದೆ. ಸೋಮವಾರ ಲೈಬ್ರರಿಗೆ ಹೇಗಿದ್ದರೂ ಅದೇ ದಾರಿ. ಚೀಟಿಯಲ್ಲಿ ಬರೆದುಕೊಂಡಿದ್ದೇನೆ: ಎರಡು ಪುಸ್ತಕ, ಸೈಕಲ್ ಟ್ಯೂಬಿನ ಪ್ಯಾಚು, ಬಾನಿಯ ಬೆಣೆ ಎಳೆಯುವುದು.